ಮಗಳಿಗೊಂದು ಪತ್ರ: ನಾಲ್ಕು ಸುತ್ತು, ಹತ್ತು ಬೀಮು

ಪುಟ್ಟಿ,

ಚರ್ಚಾಸ್ಪರ್ಧೆಯಲ್ಲಿ ‘ಕಡ್ಡಾಯ ಸೈನಿಕ ಸೇವೆ ಬೇಕು’ ಎಂದು ವಾದಿಸುವ ಪಾಳಿ ನಿನ್ನದಂತೆ. ಒಳ್ಳೆಯದು, ವಾದಿಸು. ಆದರೆ ನೀನು ಕಳಿಸಿದ ಎರಡು ಪುಟದಲ್ಲಿ ಇಸ್ರೇಲ್ ಮೂರು ಸಲ, ಕೊರಿಯಾ ಎರಡು ಸಲ ಬಂದಿದೆ, ಬೆಳಗಾವಿ ಒಂದು ಸಲವೂ ಬಂದಿಲ್ಲ. ಎದುರಿಗಿರುವವರು ಸ್ವಲ್ಪ ಓದಿಕೊಂಡು ಬಂದಿದ್ದರೂ ನಿನ್ನ ಕಥೆ ಮುಗಿಯಿತು.

ಮೊದಲು ಲೆಕ್ಕ ಹಾಕು. ನಮ್ಮಲ್ಲಿ ವರ್ಷಕ್ಕೆ 18 ತುಂಬುವವರು ಹುಡುಗ ಹುಡುಗಿಯರು ಸೇರಿ ಎರಡು ಕೋಟಿ ಮೀರುತ್ತಾರೆ. ಭೂಸೇನೆಯ ಒಟ್ಟು ಬಲ ಸುಮಾರು 12 ಲಕ್ಷ. ಹುಡುಗರನ್ನು ಮಾತ್ರ, ಅದೂ ಒಂದೇ ವರ್ಷಕ್ಕೆ ಕರೆದರೂ ಈಗಿರುವ ಸೇನೆಯ ಎಂಟು-ಹತ್ತು ಪಟ್ಟು ಜನ ಬಂದು ನಿಲ್ಲುತ್ತಾರೆ. ಬೂಟು, ಹಾಸಿಗೆ, ರೈಫಲ್ ಹೇಗೋ ಹೊಂದಿಸಿದರು ಅನ್ನೋಣ. ಕಲಿಸುವ ಹವಾಲ್ದಾರರನ್ನು ಎಲ್ಲಿಂದ ತರುತ್ತಾರೆ? ಗಡಿಯಲ್ಲಿ ಇರುವವರನ್ನೇ ತರಬೇಕು. ದಕ್ಷಿಣ ಕೊರಿಯಾದ 18 ತಿಂಗಳ ಸೇವೆ, ಸಿಂಗಪುರದ 2 ವರ್ಷದ ಸೇವೆ ನಡೆಯುವುದು ಅಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ. (ಸಿಂಗಪುರದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಮಾಡಿಸಿಕೊಂಡ ಕನ್ನಡದ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ಅಪ್ಪ ಅಮ್ಮನ ಜೊತೆ ಪಿಆರ್ ಆದ ಮಗನೂ ಎರಡು ವರ್ಷ ಸಮವಸ್ತ್ರ ಹಾಕಲೇಬೇಕು.)

‘ನಮ್ಮ ಸಂವಿಧಾನ ಒಪ್ಪುವುದಿಲ್ಲ’ ಎಂದು ಯಾರಾದರೂ ಎದ್ದರೆ ಅಂಜಬೇಡ, ಅದು ತಪ್ಪು. 23ನೇ ವಿಧಿ ಜೀತವನ್ನು ನಿಷೇಧಿಸಿದ ಮೇಲೆ, ಅದರ ಎರಡನೇ ಖಂಡ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಬಹುದು ಎನ್ನುತ್ತದೆ. ಧರ್ಮ, ಜನಾಂಗ, ಜಾತಿ, ವರ್ಗ ನೋಡಿ ಭೇದ ಮಾಡಬಾರದು, ಅಷ್ಟೇ. 51ಎ ವಿಧಿಯಲ್ಲಿ ಕರೆ ಬಂದಾಗ ದೇಶ ಕಾಯುವುದು ಮೂಲಭೂತ ಕರ್ತವ್ಯಗಳಲ್ಲೊಂದು. 1972ರಲ್ಲಿ ಸಂಸತ್ತು ರಾಷ್ಟ್ರೀಯ ಸೇವಾ ಕಾಯ್ದೆ ಮಾಡಿದಾಗ ಕರೆಯಲು ಹೊರಟದ್ದು ಯಾರನ್ನು ಗೊತ್ತೇ? 30 ದಾಟದ ಎಂಜಿನಿಯರುಗಳನ್ನು, ಡಾಕ್ಟರುಗಳನ್ನು. ನಿನ್ನ ಕಾಲೇಜಿನ ಸಭೆಯಲ್ಲಿ ಇದನ್ನು ಹೇಳು, ಚಪ್ಪಾಳೆ ನಿಲ್ಲುತ್ತದೆ. ಇನ್ನು, ಚೀನಾ ಯುದ್ಧದ ಮರುವರ್ಷ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. 1968ಕ್ಕೆ ಮತ್ತೆ ಇಷ್ಟವಿದ್ದವರಿಗೆ ಮಾತ್ರ ಎಂದಾಯಿತು. ವಾರಕ್ಕೊಮ್ಮೆ ಪರೇಡ್ ಮಾಡಿಸುವುದನ್ನೇ ಐದು ವರ್ಷ ಮೀರಿ ಕಡ್ಡಾಯವಾಗಿ ಉಳಿಸಲಿಲ್ಲ.

‘ಎಲ್ಲರನ್ನೂ ಬೇಡ, ಚೀಟಿ ಎತ್ತೋಣ’ ಎಂದು ನೀನು ಜಾರಿಕೊಳ್ಳಬಹುದು. ಅಮೆರಿಕದವರು ವಿಯೆಟ್ನಾಂ ಯುದ್ಧದ ಹೊತ್ತಿಗೆ ಎತ್ತಿದರು. 1969ರ ಡಿಸೆಂಬರ್ 1, ಟಿವಿ ಕ್ಯಾಮೆರಾಗಳ ಮುಂದೆ. ವರ್ಷದ 366 ದಿನಾಂಕಗಳನ್ನು ಚೀಟಿಯಲ್ಲಿ ಬರೆದು, ಒಂದೊಂದನ್ನೂ ಪ್ಲಾಸ್ಟಿಕ್ ಗುಳಿಗೆಯೊಳಗೆ ಇಟ್ಟು, ಗಾಜಿನ ಜಾಡಿಗೆ ಸುರಿದು ಕೈ ಹಾಕಿ ತೆಗೆದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಹುಡುಗರಿಗೆಲ್ಲ ಮೊದಲ ಕರೆ. ಎಡವಟ್ಟಾದದ್ದು ಅದಕ್ಕೂ ಮೊದಲು. ಗುಳಿಗೆಗಳನ್ನು ಪೆಟ್ಟಿಗೆಗೆ ಹಾಕುವಾಗ ಜನವರಿಯಿಂದ ಶುರುಮಾಡಿ ತಿಂಗಳ ಸಾಲಿನಲ್ಲೇ ಹಾಕಿದ್ದರು, ಡಿಸೆಂಬರ್ ಕೊನೆಗೆ. ಸರಿಯಾಗಿ ಕಲೆಸಲಿಲ್ಲ. ಹಾಗಾಗಿ ವರ್ಷದ ಕೊನೆಯ ತಿಂಗಳುಗಳು ಮೇಲೇ ಉಳಿದು ಬೇಗ ಕೈಗೆ ಸಿಕ್ಕವು. ಆ ಸುತ್ತಿನಲ್ಲಿ 195ನೇ ಸಂಖ್ಯೆಯವರೆಗೆ ಕರೆದರು. ಡಿಸೆಂಬರಿನ 31 ದಿನಗಳಲ್ಲಿ ಅದನ್ನು ದಾಟಿ ಬಚಾವಾದದ್ದು ಐದೇ ದಿನ. ಚಿತ್ರಾನ್ನ ಕಲೆಸದೆ ಬಡಿಸಿದರೆ ಒಗ್ಗರಣೆಯೆಲ್ಲ ಮೊದಲ ಪಂಕ್ತಿಗೇ ಹೋಗುವುದಿಲ್ಲವೇ, ಹಾಗೆ. ಮುಂದಿನ ವರ್ಷ ಎರಡು ಪೀಪಾಯಿ ಇಟ್ಟರು. ಒಂದರಿಂದ ದಿನಾಂಕ, ಇನ್ನೊಂದರಿಂದ ಸಂಖ್ಯೆ, ಎರಡನ್ನೂ ತಿರುಗಿಸಿ ತಿರುಗಿಸಿ.

ಅದಕ್ಕಿಂತ ದೊಡ್ಡ ತೂತು ಜಾಡಿಯ ಹೊರಗಿತ್ತು. ಕಾಲೇಜಿನಲ್ಲಿ ಓದುವವರ ಸರದಿಯನ್ನು ಮುಂದಕ್ಕೆ ಹಾಕುತ್ತಿದ್ದರು. ಫೀಸು ಕಟ್ಟುವ ಶಕ್ತಿ ಇದ್ದವರು ತರಗತಿಯಲ್ಲಿ ಉಳಿದರು, ಇಲ್ಲದವರು ವಿಯೆಟ್ನಾಂ ಕಾಡಿಗೆ ಹೋದರು. 1973ರಲ್ಲಿ ಕಡ್ಡಾಯ ನಿಂತಿತು, ಸಂಬಳದ ಸ್ವಯಂಸೇವಕರ ಸೇನೆ ಬಂತು. ಈಗ ಅಲ್ಲಿ ವಯಸ್ಕರಲ್ಲಿ ನೂರಕ್ಕೊಬ್ಬರೂ ಸಮವಸ್ತ್ರದಲ್ಲಿಲ್ಲ, ಸೇರುವವರಲ್ಲಿ ಬಹುಪಾಲು ಜನರ ನಂಟಿನಲ್ಲಿ ಆಗಲೇ ಒಬ್ಬ ಸೈನಿಕ ಇರುತ್ತಾನೆ. ಕಮ್ಮಾರನ ಮಗ ಕಮ್ಮಾರ ಎನ್ನುವ ಹಾಗೆ. ಯುದ್ಧ ಯಾರ ಮನೆಯದು, ಟಿವಿ ಯಾರ ಮನೆಯದು ಎನ್ನುವ ಗೆರೆ ಅಲ್ಲಿ ಬಿತ್ತು.

ನಮ್ಮಲ್ಲಿ ಮೂರೂ ಪಡೆ ಸೇರಿಸಿದರೆ ಹೆಚ್ಚುಕಡಿಮೆ ಸಾವಿರ ಜನಕ್ಕೆ ಒಬ್ಬರು. ರಾಜ್ಯ ರಾಜ್ಯಗಳ ನಡುವೆ ಪಾಲು ಸಮನಾಗಿ ಹೋಗಲೆಂದು ಗಂಡಸರ ಜನಸಂಖ್ಯೆಯ ಆಧಾರದಲ್ಲಿ ಹಂಚುವ ಪದ್ಧತಿ 1966ರಿಂದ ಇದೆ. ಆದರೆ ಕರ್ನಾಟಕದ ಪಾಲು ಕರ್ನಾಟಕದೊಳಗೆ ಸಮನಾಗಿ ಹರಡುತ್ತದೆಯೇ? ಕೊಡಗಿನಲ್ಲಿ ಕಾರ್ಯಪ್ಪ, ತಿಮ್ಮಯ್ಯನವರ ಕಾಲದಿಂದ ಅದು ಮನೆತನದ ಮಾತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವೇ ಕಣ್ಣೆದುರಿಗಿದೆ. ಬೆಂಗಳೂರಿನಲ್ಲಿ ಹಲಸೂರು ಕೆರೆ ದಂಡೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ನಿನ್ನ ಗೆಳತಿಯರು ದಿನಾ ಅದರ ಗೋಡೆ ಪಕ್ಕ ಬಸ್ಸಿನಲ್ಲಿ ಹೋಗುತ್ತಾರೆ. ಒಳಗೆ ಯಾರಿದ್ದಾರೆ, ಎಲ್ಲಿಂದ ಬಂದರು ಎಂದು ಕೇಳಿ ನೋಡು.

ಒಳಗೆ ಹೋಗುವ ಜರಡಿ ಹೀಗಿದೆ. ಮೊದಲು ಆನ್‌ಲೈನ್ ಪರೀಕ್ಷೆ. ಜಿಡಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 45 ಶೇಕಡ, ಪ್ರತಿ ವಿಷಯದಲ್ಲಿ 33 ಇರಬೇಕು. ಪಾಸಾದರೆ ಭರ್ತಿ ರ‍್ಯಾಲಿ. ಬೆಳಗ್ಗೆ ನಾಲ್ಕಕ್ಕೇ ಸಾಲು. 1.6 ಕಿಲೋಮೀಟರ್, 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಟ್ಟಿದರೆ ಪೂರ್ತಿ 60 ಅಂಕ, ಸೆಕೆಂಡು ಜಾರಿದಂತೆ ಅಂಕವೂ ಜಾರುತ್ತದೆ. ಸುತ್ತಿಗೆ 82 ಸೆಕೆಂಡು ಬೀಳುತ್ತದೆ. ನೂರಾರು ಹುಡುಗರ ಗುಂಪಿನಲ್ಲಿ ಮುಂದೆ ನುಗ್ಗಬೇಕೆಂದು ಮೊದಲ ಸುತ್ತನ್ನು 70ಕ್ಕೇ ಓಡಿದವನು ಮೂರನೇ ಸುತ್ತಿನಲ್ಲಿ ಸತ್ತಂತೆ. ಇನ್ನೊಂದು, ಊರಿನಲ್ಲಿ ಮೈದಾನ ಇಲ್ಲದೆ, ಸವೆದ ಬೂಟಿನಲ್ಲಿ ಡಾಂಬರು ರಸ್ತೆಯ ಮೇಲೇ ತಿಂಗಳುಗಟ್ಟಲೆ ಓಡಿದವರಿಗೆ ಮೊಣಕಾಲ ಕೆಳಗಿನ ಮೂಳೆ ನೋವು ಹಿಡಿದು ರ‍್ಯಾಲಿಯ ವಾರದಲ್ಲೇ ಕೈಕೊಡುತ್ತದೆ. ಓಟ ಮುಗಿದು ಉಸಿರು ತಿರುಗುವುದರೊಳಗೆ ಬೀಮು, ಅಂದರೆ ಕಂಬಿಗೆ ಜೋತು ಮೈಯನ್ನು ಮೇಲಕ್ಕೆ ಎಳೆಯುವುದು. ಹತ್ತು ಎಳೆದರೆ 40 ಅಂಕ, ಆರಕ್ಕೆ 16. ಗದ್ದ ಕಂಬಿ ದಾಟಬೇಕು, ಮೈ ತೂಗಿ ಜೋಲಿ ಹೊಡೆದರೆ ಎಣಿಸುವುದಿಲ್ಲ. ಆಮೇಲೆ 9 ಅಡಿ ಕಂದಕ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ನಡೆಯಬೇಕು, ಎದೆ 5 ಸೆಂಟಿಮೀಟರ್ ಹಿಗ್ಗಿಸಬೇಕು.

ಇಷ್ಟು ದಾಟಿದವನು ಮೆಡಿಕಲ್‌ನಲ್ಲಿ ಚಪ್ಪಟೆ ಪಾದಕ್ಕೋ, ನಿಂತಾಗ ಮೊಣಕಾಲು ಮೊಣಕಾಲು ತಾಗಿದ್ದಕ್ಕೋ, ಕಿವಿ ತುಂಬ ಗುಗ್ಗೆ ಇದ್ದದ್ದಕ್ಕೋ ಸಿಕ್ಕಿಬೀಳುತ್ತಾನೆ. ಗುಗ್ಗೆ ವಾಸಿ, ತೆಗೆಸಿಕೊಂಡು ಬರಬಹುದು. ನನಗೆ ಹೆಚ್ಚು ಕೆಡುಕೆನಿಸುವುದು ಕಾಗದದಲ್ಲಿ ಬೀಳುವವರನ್ನು ಕಂಡು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂಟಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಐದೂವರೆ ನಿಮಿಷದಲ್ಲಿ ಓಡಿದವನಿಗೆ ಹೆಸರು ತಿದ್ದಿಸಲು ಐದಾರು ವಾರ ಬೇಕು.

ಗೆದ್ದವನಿಗೆ ಸಿಗುವುದೇನು ಎಂಬುದನ್ನೂ ಬರೆದುಕೋ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಜವಾನನ ಭರ್ತಿ 4 ವರ್ಷಕ್ಕೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾನಿಧಿ ಎಂಬ ಉಳಿತಾಯಕ್ಕೆ ಕಡಿದು ಕೈಗೆ 21,000. ನಾಲ್ಕನೇ ವರ್ಷಕ್ಕೆ 40,000, ಕೈಗೆ 28,000. ಸರ್ಕಾರವೂ ಅಷ್ಟೇ ಹಾಕಿ, ಹೊರಬರುವಾಗ 10.04 ಲಕ್ಷ ಮತ್ತು ಬಡ್ಡಿ. ನೂರರಲ್ಲಿ ಹೆಚ್ಚೆಂದರೆ 25 ಜನರನ್ನು ಕಾಯಂ ಮಾಡುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ. ಹಿಂದೆ 15 ವರ್ಷ ದುಡಿದು ಪಿಂಚಣಿ ಹಿಡಿದು ಬಂದವರು ಊರಲ್ಲಿ ಹೊಲ ಕೊಂಡರು, ಮನೆ ಕಟ್ಟಿದರು. ಅದನ್ನು ನೋಡಿಯೇ ಪಕ್ಕದ ಮನೆಯ ಹುಡುಗ ಓಡಲು ಶುರುಮಾಡುತ್ತಿದ್ದ. ಈಗ 25ರ ಆಸುಪಾಸಿನಲ್ಲಿ ವಾಪಸು ಬಂದವನನ್ನು ನೋಡಿ ಆ ಹುಡುಗ ಏನು ಲೆಕ್ಕ ಹಾಕುತ್ತಾನೆ? ನನ್ನ ಅನುಮಾನ ಇರುವುದು ಅಲ್ಲಿ. ‘ಊರೂರಿಗೆ ಮಾಜಿ ಸೈನಿಕರು ಹೆಚ್ಚುತ್ತಾರೆ, ಸೇನೆಗೂ ಜನರಿಗೂ ಇರುವ ಅಂತರ ಕಡಿಮೆಯಾಗುತ್ತದೆ’ ಎನ್ನುವ ವಾದವೂ ಇದೆ, ನಿನಗೆ ಬೇಕಾದರೆ ಬಳಸಿಕೋ. ಹೆಚ್ಚುವುದು ಹೆಚ್ಚುತ್ತಾರೆ, ಆದರೆ ಮೊದಲೇ ಇದ್ದ ಊರುಗಳಲ್ಲೇ.

ಕೊನೆಗೆ ಹುಡುಗಿಯರ ವಿಷಯ. ಯಾರಾದರೂ ಕೇಳೇ ಕೇಳುತ್ತಾರೆ. ಭೂಸೇನೆಯಲ್ಲಿ ಜವಾನರ ದರ್ಜೆಗೆ ಹೆಣ್ಣುಮಕ್ಕಳು ಸೇರುವುದು ಮಿಲಿಟರಿ ಪೊಲೀಸ್‌ಗೆ. ಮೊದಲ ತಂಡದ 83 ಜನ ತರಬೇತಿ ಮುಗಿಸಿದ್ದು 2021ರ ಮೇನಲ್ಲಿ, ನಮ್ಮ ಬೆಂಗಳೂರಿನ ಕೇಂದ್ರದಲ್ಲೇ. ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಎನ್‌ಡಿಎಯಿಂದ ಮೊದಲ 17 ಹುಡುಗಿಯರು ಹೊರಬಂದದ್ದು 2025ರ ಮೇನಲ್ಲಿ. ಮಿಲಿಟರಿ ಪೊಲೀಸ್‌ಗೆ ಎತ್ತರ 162 ಸೆಂಟಿಮೀಟರ್, ಉದ್ದ ಜಿಗಿತ 10 ಅಡಿ, ಎತ್ತರ ಜಿಗಿತ 3 ಅಡಿ, ಅದೇ 1.6 ಕಿಲೋಮೀಟರನ್ನು 7 ನಿಮಿಷ 30 ಸೆಕೆಂಡಿನಲ್ಲಿ ಓಡಿದರೆ ವೇಗದ ಲೆಕ್ಕದಲ್ಲಿ ಮೊದಲ ಗುಂಪು.

ಸ್ಪರ್ಧೆ ಶನಿವಾರ ಅಲ್ಲವೇ? ಅಷ್ಟರೊಳಗೆ ಒಂದು ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ನಾಲ್ಕು ಸುತ್ತು ಓಡು, ಗಡಿಯಾರ ಗೆಳತಿಯ ಕೈಯಲ್ಲಿರಲಿ. ಮೊದಲ ಸುತ್ತು ನಿಧಾನ, ಸುಮಾರು 110 ಸೆಕೆಂಡು. ಎಷ್ಟಾಯಿತು ಎಂದು ನನಗೆ ತಿಳಿಸು.

ಅಮ್ಮ