ಮಂಡಿಯ ಹೆಸರಲ್ಲಿ ಹೆದರಿಸಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ವಾರ ಇದೇ ಅಂಕಣದಲ್ಲಿ ಹಿರಿಯ ಓದುಗರೊಬ್ಬರು, ಐವತ್ತರ ಆಸುಪಾಸಿನವರು ಮ್ಯಾರಥಾನ್ ಹುಚ್ಚು ಹಿಡಿಸಿಕೊಂಡು ಮಂಡಿ ಹಾಳು ಮಾಡಿಕೊಳ್ಳುತ್ತಿದ್ದಾರೆ ಎಂದು ಬರೆದಿದ್ದರು. ಆ ಹುಚ್ಚು ಹಿಡಿದವರಲ್ಲಿ ನಾನೂ ಒಬ್ಬಳು. ವಯಸ್ಸು 51. ಬ್ಯಾಂಕಿನ ಕೌಂಟರಿನಲ್ಲಿ ಕೆಲಸ, ಮನೆ ಮಾಟುಂಗಾದಲ್ಲಿ. ಈ ಜನವರಿಯಲ್ಲಿ ಮುಂಬೈ ಮ್ಯಾರಥಾನಿನ ಹಾಫ್, ಅಂದರೆ 21.0975 ಕಿಲೋಮೀಟರ್, ಮೊದಲ ಸಲ ಓಡಿದೆ. ಮಂಡಿ ಗಟ್ಟಿಯಾಗಿಯೇ ಇದೆ.

ಹಿರಿಯರು ಕಾಳಜಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಥ ಪತ್ರ ಓದಿ ಮನೆಯಲ್ಲೇ ಕುಳಿತುಬಿಡುವ ಹೆಂಗಸರು ನಮ್ಮಲ್ಲಿ ಬಹಳ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ 2017ರಲ್ಲಿ ಬಂದಿತ್ತು. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಸಂಧಿವಾತ, ಅಂದರೆ ಕೀಲು ಸವೆತ, ಕಂಡದ್ದು ನೂರಕ್ಕೆ 3.5 ಜನರಲ್ಲಿ. ಓಡದೆ ಕೂತೇ ಇರುವವರಲ್ಲಿ 10.2. ಸ್ಪರ್ಧೆಗೆಂದೇ ವರ್ಷಗಟ್ಟಲೆ ಓಡುವವರಲ್ಲಿ 13.3. ಇಷ್ಟರಿಂದಲೇ ಓಟ ಮಂಡಿಯನ್ನು ಕಾಪಾಡುತ್ತದೆ ಎನ್ನಲಾಗದು, ನೋವಿದ್ದವರು ಮೊದಲೇ ಓಟ ಬಿಟ್ಟಿರಬಹುದಲ್ವಾ? ಆದರೂ ನಮ್ಮಂಥವರನ್ನು ಹೆದರಿಸಲು ಇದರಲ್ಲಿ ಏನೂ ಇಲ್ಲ.

ಅವರ ಮಾತಿನಲ್ಲಿ ಒಂದನ್ನು ಮಾತ್ರ ಒಪ್ಪುತ್ತೇನೆ. ಹೊಸ ಶೂ ಕೊಂಡ ಹುರುಪಿಗೆ ಮೊದಲ ವಾರವೇ ಹತ್ತು ಕಿಲೋಮೀಟರ್ ಓಡಿದರೆ ಕಾಲು ಕೈಕೊಡುತ್ತದೆ. ಉಸಿರು ಬೇಗ ಪಳಗುತ್ತದೆ, ಕಾಲಿನ ಮೂಳೆಗೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗೆ ತಿಂಗಳುಗಳು ಬೇಕು. ಅದಕ್ಕೇ ನಾನು ಓಟ-ನಡಿಗೆ ಬೆರೆಸಿ ಕಲಿತೆ. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮತ್ತೆ ಓಟ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ 1970ರ ದಶಕದಲ್ಲೇ ಹೇಳಿಕೊಟ್ಟ ಪದ್ಧತಿ ಇದು. ಪಕ್ಕದವರ ಜೊತೆ ಮಾತಾಡಿಕೊಂಡು ಓಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದೇ ಅರ್ಥ. ವಾರದ ದಿನಗಳಲ್ಲಿ ಫೈವ್ ಗಾರ್ಡನ್ಸ್ ಸುತ್ತ, ಭಾನುವಾರ ಶಿವಾಜಿ ಪಾರ್ಕ್. ಅಲ್ಲಿ ಕಟ್ಟೆಯ ಮೇಲೆ ಕೂತ ಅಜ್ಜಂದಿರು ನಾನು ನಡೆಯುವಾಗ ನೋಡುತ್ತಿರಲಿಲ್ಲ, ಓಡಲು ಶುರು ಮಾಡಿದರೆ ಪೇಪರು ಕೆಳಗಿಟ್ಟು ನೋಡುತ್ತಿದ್ದರು. ಎರಡು ತಿಂಗಳಲ್ಲಿ ಅವರಿಗೂ ಬೇಜಾರಾಗಿ ಪೇಪರಿಗೆ ಮರಳಿದರು.

ನಮ್ಮ ಅತ್ತೆ ಕುಂದಾಪುರದವರು. "ಬಸ್ ಇಪ್ಪಾಗ ಓಡುದ್ ಎಂತಕ್ಕೆ ಮಾರಾಯ್ತಿ?" ಎಂದು ದಿನಾ ಕೇಳುತ್ತಿದ್ದರು. ಓಟದ ಹಿಂದಿನ ರಾತ್ರಿ ಗಂಜಿ-ಉಪ್ಪಿನಕಾಯಿ ಬಡಿಸಿ "ಜಾಸ್ತಿ ಉಣ್ಬೇಡ" ಎಂದವರೂ ಅವರೇ. ಅಲ್ಲಿಯವರೆಗೆ ಸಿಕ್ಕ ಸಲಹೆಗಳಲ್ಲಿ ಅದೇ ಒಳ್ಳೆಯದು.

ಸಲಹೆ ಎಂದಾಗ ನೆನಪಾಯಿತು. ಎಲ್ಲರೂ ಹೇಳುವುದು ನೀರು ಕುಡಿ, ನೀರು ಕುಡಿ ಎಂದು. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಜೀವಕ್ಕೇ ಅಪಾಯ ಆಗಬಹುದು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಗೆ ಸೋಡಿಯಂ ಕಡಿಮೆ ಇತ್ತು. ನಿಧಾನಕ್ಕೆ ಓಡುವವರು ಈ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕು, ದಾರಿಯಲ್ಲಿ ಕುಡಿಯಲು ನಮಗೆ ಸಮಯವೂ ಜಾಸ್ತಿ. ಮುಂಬೈನ ತೇವಕ್ಕೆ ಬೆವರು ಬೇಗ ಆರುವುದಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಬಾಯಾರಿದಾಗ ಒಂದೆರಡು ಗುಟುಕು, ನಡುವೆ ಉಪ್ಪು-ಸಕ್ಕರೆಯ ನಿಂಬೆ ನೀರು. ನನಗೆ ಅಷ್ಟೇ ಸಾಕಾಯಿತು. ತೋಳು-ತೊಡೆ ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿಕೊಳ್ಳಿ. ಹಚ್ಚಿಕೊಳ್ಳದವರ ಕಥೆ ಸ್ನಾನಕ್ಕೆ ಹೋದಾಗ ಗೊತ್ತಾಗುತ್ತದೆ.

ಹಾಫ್ ಹೊರಡುವುದು ಮಾಹಿಮ್‌ನಿಂದ, ಇನ್ನೂ ಬೆಳಕು ಹರಿಯುವ ಮುಂಚೆ. ಎದೆಯ ಮೇಲೆ ನಾಲ್ಕು ಪಿನ್ ಚುಚ್ಚಿದ ನಂಬರು, ಸಮಯ ಅಳೆಯುವ ಚಿಪ್ ಅದರ ಹಿಂದೆ. ಸ್ವಲ್ಪ ಹೊತ್ತಿಗೆ ಸಮುದ್ರದ ಮೇಲಿನ ಬಾಂದ್ರಾ-ವರ್ಲಿ ಸೀ ಲಿಂಕ್. 2009ರಲ್ಲಿ ತೆರೆದ ಈ 5.6 ಕಿಲೋಮೀಟರಿನ ಸೇತುವೆಯ ಮೇಲೆ ಬೇರೆ ದಿನ ನಡೆಯುವವರಿಗೂ ಪ್ರವೇಶವಿಲ್ಲ, ಸ್ಕೂಟರಿಗೂ ಇಲ್ಲ. ಕಾರಿನಲ್ಲಿ ಹೋಗುವಾಗ ಟಕ್ ಎಂದು ಕೇಳಿಸುವುದಿದೆಯಲ್ಲ, ಆ ಕಬ್ಬಿಣದ ಜೋಡಣೆಗಳು ಕತ್ತಲಲ್ಲಿ ಪಾದಕ್ಕೆ ಸಿಗುತ್ತವೆ. ಕಾಲೆತ್ತಿ ದಾಟಬೇಕು. ಕೆಳಗಿನಿಂದ ಒಣಮೀನಿನ ವಾಸನೆ, ಮೇಲೆ ಹಗ್ಗದಂಥ ಕೇಬಲ್‌ಗಳು, ಸುತ್ತ ಸಾವಿರಾರು ಶೂಗಳ ಸದ್ದು. ಮಾತಾಡುವವರೇ ಕಡಿಮೆ. ಮುಂಬೈಯಲ್ಲಿ ಅಷ್ಟು ಜನ ಸೇರಿ ಹಾರ್ನ್ ಇಲ್ಲದಿರುವುದನ್ನು ನಾನು ನೋಡಿದ್ದು ಅಲ್ಲೇ.

ಕಷ್ಟ ಬರುವುದು ಹಾಜಿ ಅಲಿ ದಾಟಿದ ಮೇಲೆ. ಪೆಡ್ಡರ್ ರೋಡಿನ ಏರು ಟ್ಯಾಕ್ಸಿಯಲ್ಲಿ ಹೋಗುವಾಗ ಗೊತ್ತೇ ಆಗುವುದಿಲ್ಲ, ಅರ್ಧಕ್ಕಿಂತ ಹೆಚ್ಚು ದಾರಿ ಓಡಿ ಬಂದ ಕಾಲಿಗೆ ಗೊತ್ತಾಗುತ್ತದೆ. ನಾನು ಅದನ್ನು ಪೂರ್ತಿ ನಡೆದೇ ಹತ್ತಿದೆ. ನಾಚಿಕೆಯೇನೂ ಆಗಲಿಲ್ಲ, ಅಕ್ಕಪಕ್ಕದ ಗಟ್ಟಿ ಗಂಡಸರೂ ನಡೆಯುತ್ತಿದ್ದರು. ರಸ್ತೆ ಬದಿಯ ಮನೆಯವರು ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. ಒಬ್ಬ ಹುಡುಗಿ ತೊಳೆಯ ಬೀಜ ತೆಗೆದು ಕೊಡುತ್ತಿದ್ದಳು, ಓಡುವವರು ಉಗುಳಲು ನಿಲ್ಲಬಾರದೆಂದು. ಆಮೇಲೆ ಇಳಿಜಾರು, ಮರೀನ್ ಡ್ರೈವಿನ ಬಿಸಿಲು. ಮೂರು ಗಂಟೆಗೆ ಸ್ವಲ್ಪ ಮುಂಚೆ ಮುಗಿಸಿದೆ. ಹೆಬ್ಬೆರಳ ಉಗುರು ಕಪ್ಪಾಗಿತ್ತು, ಇಳಿಜಾರಿನಲ್ಲಿ ಬೆರಳು ಶೂಗೆ ತಾಗಿ ಆಗುವಂಥದ್ದು. ನಷ್ಟ ಅಷ್ಟೇ.

ಇನ್ನು ನಮ್ಮ ಕನ್ನಡ ಸಂಘಗಳವರಿಗೆ ಒಂದು ಮಾತು. ಯಕ್ಷಗಾನ, ತುಳುವರ ಆಟಿ ತಿಂಗಳ ಊಟ ಎಲ್ಲ ಚೆನ್ನಾಗಿ ನಡೆಸುತ್ತೀರಿ. ಆದರೆ ಕ್ರೀಡಾಕೂಟ ಬಂದರೆ ನಲವತ್ತು ದಾಟಿದ ಹೆಂಗಸರಿಗೆ ಇಡುವುದು ಸಂಗೀತ ಕುರ್ಚಿ ಮತ್ತು ನಿಂಬೆ-ಚಮಚ ಮಾತ್ರ. ನಾವೇನು ಇನ್ನೂ ನಿಂಬೆಹಣ್ಣು ಬೀಳಿಸಬಾರದು ಎನ್ನುವುದನ್ನೇ ಕಲಿಯುತ್ತಾ ಇರಬೇಕಾ? ಈ ಸಲ ಐದು ಕಿಲೋಮೀಟರಿನ ಓಟ-ನಡಿಗೆ ಸೇರಿಸಿ. ಬಹುಮಾನ ಬೇಡ, ಬೆಳಗ್ಗೆ ಆರಕ್ಕೆ ತೆರೆದಿರುವ ಶೌಚಾಲಯ ಇರುವ ಜಾಗ ನೋಡಿ. ಹೆಂಗಸರು ಬರದೇ ಇರುವುದಕ್ಕೆ ಮಂಡಿಗಿಂತ ದೊಡ್ಡ ಕಾರಣ ಅದು. ಪತ್ರ ಬರೆದ ಹಿರಿಯರೂ ಬರಲಿ, ನಡೆಯುತ್ತಲೇ ಬರಲಿ. ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನು ಸಿದ್ಧ.

- ಬ್ಯಾಂಕ್ ಉದ್ಯೋಗಿ, ಮಾಟುಂಗಾ, ಮುಂಬೈ