ಆ ಸಂಜೆ ಶೆಡ್ಡಿಗೆ ಬಂದವರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಈ ಧನ್ಯವಾದವನ್ನು ಹೀಗೆ ಎಲ್ಲರೆದುರು ಹೇಳುತ್ತಿದ್ದೇನೆ.

ಶೆಡ್ಡಿನಲ್ಲಿ ಹಳೆಯ ಮಾರಿಸ್ ಮೈನರ್ ಕಾರು ಕಂಡು ನೀವು ಸುಮ್ನೆ ನೋಡಿಹೋಗಲು ಬಂದಿರಿ. ನಾನು ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ಬಿಚ್ಚಿ, ಅದೇ ಕೆಲಸಕ್ಕೆ ಆಲ್ಟರ್ನೇಟರ್ ಕೂರಿಸಿದ್ದೆ. ಬ್ಯಾಟರಿಯ ಕೊನೆಯ ವೈರು ಬಿಗಿಯುವುದಷ್ಟೇ ಬಾಕಿ. "ಸ್ವಲ್ಪ ತಡೀರಿ, ಪ್ಲಸ್ ವೈರು ಕಾರಿನ ಮೈಗೆ ಹೋಗಿದೆ ಅಲ್ವಾ?" ಎಂದಿರಿ. ಹೌದು, 1948ರಿಂದ 1971ರವರೆಗೆ ತಯಾರಾದ ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಕಡೆಯೇ ಅರ್ಥ್, ಅಂದರೆ ಕಾರಿನ ಲೋಹದ ಮೈಗೆ ಜೋಡಿಸಿದ ಕಡೆ. ಸಾಮಾನ್ಯ ಆಲ್ಟರ್ನೇಟರಿಗೆ ಬೇಕಾದದ್ದು ಮೈನಸ್ ಅರ್ಥ್. ಹಾಗೇ ಜೋಡಿಸಿದ್ದರೆ ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಸುಟ್ಟುಹೋಗುತ್ತಿದ್ದವು.

ನೀವು ಅಷ್ಟಕ್ಕೇ ಬಿಡಲಿಲ್ಲ. ಬ್ಯಾಟರಿ ತಿರುಗಿಸಿಟ್ಟು, ಇಂಜಿನ್ನಿನ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್‌ನ ಎರಡು ವೈರುಗಳನ್ನೂ ಅದಲುಬದಲು ಮಾಡಿಸಿದಿರಿ. ಇಲ್ಲದಿದ್ದರೆ ಇಂಜಿನ್ ಓಡುತ್ತದೆ, ಆದರೆ ಕಿಡಿಗೆ ಬಲ ಇರುವುದಿಲ್ಲ ಎಂದು ತಾಳ್ಮೆಯಿಂದ ತಿಳಿಸಿದಿರಿ.

ಬ್ರೇಕಿನ ವಿಷಯವನ್ನಂತೂ ಮರೆಯಲಾರೆ. ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹೊರಗೆಲ್ಲೂ ಸೋರಿಕೆ ಇರಲಿಲ್ಲ. ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದಿರಬೇಕು ಎಂದಿರಿ. ಈ ಕಾರಿನಲ್ಲಿ ಅದು ಇರುವುದು ಡ್ರೈವರ್ ಕಡೆಯ ನೆಲಹಲಗೆಯ ಕೆಳಗೆ, ಕೈ ಹೋಗುವುದೇ ಕಷ್ಟ. ಹಾಕಿಕೊಂಡಿದ್ದ ಒಳ್ಳೆಯ ಬಟ್ಟೆಯಲ್ಲೇ ನೀವು ಕಾರಿನಡಿ ಮಲಗಿದಿರಿ. ಬಿಚ್ಚಿ ನೋಡಿದಾಗ ನಿಮ್ಮ ಮಾತೇ ನಿಜವಾಗಿತ್ತು.

ಹೊಸ ಸೀಲ್ ಹಾಕಿ, ಪೈಪಿನ ಗಾಳಿ ತೆಗೆದು, ಮೊನ್ನೆ ಓಡಿಸಿದೆ. ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆ. ತುಂಬಾ ಥ್ಯಾಂಕ್ಸ್. ಶೆಡ್ಡಿನ ಬಾಗಿಲು ತೆರೆದೇ ಇರುತ್ತದೆ, ದಯವಿಟ್ಟು ಬನ್ನಿ. ಮೊದಲ ದೂರದ ಪಯಣಕ್ಕೆ ಮುಂದಿನ ಸೀಟು ನಿಮಗೇ.