ರೈಲಿನಲ್ಲಿ ಸಿಕ್ಕ ಹಲ್ಲಿನ ಡಾಕ್ಟರಮ್ಮನಿಗೆ

ಹೋದ ತಿಂಗಳು ಮಂಡ್ಯದಿಂದ ಮೈಸೂರಿನ ರೈಲು ಹತ್ತಿದಾಗ ನಮ್ಮ ಎದುರು ಕೂತಿದ್ದ ಮೇಡಂ, ನಿಮ್ಮ ಹೆಸರು ಕೇಳೋದನ್ನೇ ಮರೆತುಬಿಟ್ಟೆ. ನನ್ನ 6 ವರ್ಷದ ಮಗಳ ಕೆಳಗಿನ ಹಾಲುಹಲ್ಲಿನ ಹಿಂದೆ ಇನ್ನೊಂದು ಹಲ್ಲು ಎದ್ದಿತ್ತು. ನಮ್ಮತ್ತೆ ಬೇರೆ ಬೆಳಿಗ್ಗೆಯಿಂದ ದಾರ ಕಟ್ಟಿ ಎಳೆದುಬಿಡು ಅಂತ ಒಂದೇ ಸಮ ಹೇಳುತ್ತಿದ್ದರು. ನೀವು ಮೊಬೈಲ್ ಟಾರ್ಚ್ ಹಾಕಿ ನೋಡಿ ನಕ್ಕಿರಿ.

ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಎಲ್ಲ ಬಿಡಿಸಿ ಹೇಳಿದಿರಿ: ಹೊಸ ಹಲ್ಲು ನೇರ ಕೆಳಗಿನಿಂದ ಬಂದರೆ ಹಾಲುಹಲ್ಲಿನ ಬೇರು ಕರಗಿ ಅದು ಅಲ್ಲಾಡುತ್ತದೆ, ಸ್ವಲ್ಪ ಹಿಂದೆ ಬಂದರೆ ಬೇರು ಪೂರ್ತಿ ಕರಗದೆ ಹಳೇದು ಅಲ್ಲೇ ಕೂತಿರುತ್ತದೆ, ಈ ವಯಸ್ಸಿನ ಮಕ್ಕಳಲ್ಲಿ ಇದು ಮಾಮೂಲು. ದಾರ ಬೇಡ. ಅವಳೇ ನಾಲಿಗೆಯಿಂದ ಅಲ್ಲಾಡಿಸಲಿ, ಗಟ್ಟಿ ತಿಂಡಿ ಕಡಿಯಲಿ. 2-3 ತಿಂಗಳಾದರೂ ಬೀಳದಿದ್ದರೆ ಡಾಕ್ಟರ ಹತ್ತಿರ ತೆಗೆಸಿ. ಜಾಗ ಖಾಲಿಯಾದ ಮೇಲೆ ನಾಲಿಗೆಯೇ ಹೊಸ ಹಲ್ಲನ್ನು ನಿಧಾನಕ್ಕೆ ಮುಂದೆ ತಳ್ಳುತ್ತದಂತೆ, ಇದು ನನಗೆ ಗೊತ್ತೇ ಇರಲಿಲ್ಲ!

ಫೀಸು ಎಷ್ಟು ಅಂದರೆ ಅವಳ ಚುರುಮುರಿಯಲ್ಲಿ ಒಂದು ಹಿಡಿ ತಗೊಂಡಿರಿ. ತುಂಬಾ ಥ್ಯಾಂಕ್ಸ್ ಮೇಡಂ. ಮೊನ್ನೆ ಕಬ್ಬು ಕಡಿಯುವಾಗ ಹಲ್ಲು ತಾನಾಗೇ ಬಿತ್ತು. ನಮ್ಮತ್ತೆ ಅದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಸಿದರು. ಅದಕ್ಕೆ ನಾನೂ ಬೇಡ ಅನ್ನಲಿಲ್ಲ.